ಕೂಗು ಎಣಿಸಬೇಡಿ, ಗಡಿಯಾರ ನೋಡಿ

ಕುಕ್ಕರ್ ಅಡುಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಕಂತು ಪೂರ್ತಿ ಪ್ರೆಶರ್ ಕುಕ್ಕರಿಗೆ ಮೀಸಲು. ಓದುವ ಮುನ್ನ ಎರಡು ಮಾತು. ಇಲ್ಲಿ ಕಪ್ ಎಂದರೆ 240 ಮಿ.ಲೀ. ‘ನಿಮಿಷ’ ಎಂದರೆ ಮೊದಲ ಕೂಗು ಬಂದು, ಉರಿ ಸಣ್ಣ ಮಾಡಿದ ಮೇಲೆ ಲೆಕ್ಕ ಹಾಕಿದ ನಿಮಿಷ. ಬೇರೆ ಹೇಳದಿದ್ದ ಕಡೆ ಒಲೆಯ ಮೇಲಿಡುವ, 5 ಲೀಟರಿನ ಕುಕ್ಕರ್ ಎಂದು ತಿಳಿಯಿರಿ.

ಪ್ರ: ಅದೇ ಬೇಳೆ, ಅದೇ ಮೂರು ಕೂಗು. ನಮ್ಮ ಮನೆಯಲ್ಲಿ ನುಣ್ಣಗೆ ಬೇಯುತ್ತದೆ, ಅಕ್ಕನ ಮನೆಯಲ್ಲಿ ಕಾಳು ಕಾಳಾಗಿಯೇ ಉಳಿಯುತ್ತದೆ. ಸರಿಯಾದ ಕೂಗು ಎಷ್ಟು?

ಉ: ಇಬ್ಬರೂ ಸರಿಯಾಗಿಯೇ ಎಣಿಸಿದ್ದೀರಿ, ಆದರೆ ಎಣಿಸಬೇಕಾದದ್ದು ಅದಲ್ಲ. ಕುಕ್ಕರ್ ಕೂಗುವುದು ಬೇಳೆ ಬೆಂದಿತೆಂದು ಹೇಳಲಿಕ್ಕಲ್ಲ, ಒಳಗೆ ಹೆಚ್ಚಾದ ಆವಿಯನ್ನು ಹೊರಹಾಕಲಿಕ್ಕೆ. ಸಾಮಾನ್ಯ ಕುಕ್ಕರಿನ ವೇಟ್ ಏಳುವುದು ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಹೆಚ್ಚಾದಾಗ. ಆ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, 120 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಬೇಳೆಯನ್ನು ಬೇಯಿಸುವುದು ಆ ಬಿಸಿ ಮತ್ತು ಅದರಲ್ಲಿ ಬೇಳೆ ಕಳೆದ ಸಮಯ. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಬಿಸಿ ಹೆಚ್ಚೇನೂ ಬದಲಾಗುವುದಿಲ್ಲ.

ದೊಡ್ಡ ಉರಿಯಲ್ಲಿ ಮೂರು ಕೂಗು ಮೂರೇ ನಿಮಿಷದಲ್ಲಿ ಮುಗಿದುಹೋಗಬಹುದು. ಸಣ್ಣ ಉರಿಯಲ್ಲಿ ಅದೇ ಮೂರು ಕೂಗಿಗೆ ಹತ್ತು-ಹದಿನೈದು ನಿಮಿಷ ಹಿಡಿಯಬಹುದು. ಕುಕ್ಕರ್ ಎಷ್ಟು ತುಂಬಿದೆ, ಒಲೆಯ ಬಾಯಿ ಎಷ್ಟು ಅಗಲ, ವೇಟ್ ಎಷ್ಟು ಸವೆದಿದೆ ಎನ್ನುವುದರ ಮೇಲೂ ಕೂಗಿನ ಲೆಕ್ಕ ಬದಲಾಗುತ್ತದೆ. ಕೂಗದೆ ಸದಾ ಸಣ್ಣಗೆ ಬುಸುಗುಡುವ ಕುಕ್ಕರುಗಳೂ ಇವೆ, ಸ್ಪ್ರಿಂಗ್ ವಾಲ್ವಿನ ಕುಕ್ಕರುಗಳಂತೂ ಸದ್ದೇ ಮಾಡುವುದಿಲ್ಲ. ಅಂಥವುಗಳ ಮುಂದೆ ‘ಮೂರು ಕೂಗು’ ಎಂಬ ಮಾತಿಗೆ ಅರ್ಥವೇ ಇಲ್ಲ.

ಕ್ರಮ ಹೀಗಿರಲಿ. ಮುಚ್ಚಳ ಹಾಕಿ ದೊಡ್ಡ ಉರಿಯಲ್ಲಿಡಿ. ವೇಟ್ ಬೇರೆಯಾಗಿ ಹಾಕುವ ಕುಕ್ಕರಾದರೆ ಕೊಳವೆಯಿಂದ ಆವಿ ಒಂದೇ ಸಮನೆ ಬರುವವರೆಗೆ ಕಾದು ಆಮೇಲೆ ವೇಟ್ ಹಾಕಿ. ಒಳಗಿನ ಗಾಳಿ ಪೂರ್ತಿ ಹೊರಹೋಗದಿದ್ದರೆ ಒತ್ತಡ ಬಂದರೂ ಬಿಸಿ ಅಷ್ಟು ಏರುವುದಿಲ್ಲ. ಮೊದಲ ಕೂಗು ಬಂದ ಕೂಡಲೇ ವೇಟ್ ಅಲ್ಲಾಡುತ್ತಾ ಸಣ್ಣಗೆ ಬುಸುಗುಡುವಷ್ಟಕ್ಕೆ ಉರಿ ಇಳಿಸಿ, ಗಡಿಯಾರ ನೋಡಿಕೊಳ್ಳಿ. ನಂತರದ ಪ್ರತಿ ಕೂಗೂ ಹೊರಗೆ ಚೆಲ್ಲಿದ ಗ್ಯಾಸು, ಕಳೆದುಕೊಂಡ ನೀರು. ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿರುವವರು ಅಲ್ಲಿಂದ ಮೇಲಿನ ಪ್ರತಿ 300 ಮೀಟರಿಗೆ ಶೇ 5ರಷ್ಟು ಸಮಯ ಸೇರಿಸಬೇಕು.

ಪ್ರ: ಹಾಗಾದರೆ ಯಾವುದಕ್ಕೆ ಎಷ್ಟು ನಿಮಿಷ?

ಉ: ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಿ. ಎಲ್ಲವೂ ನೇರವಾಗಿ ಕುಕ್ಕರಿನಲ್ಲೇ ಬೇಯಿಸುವಾಗಿನ ಲೆಕ್ಕ.

ಬಿಳಿ ಅಕ್ಕಿ: 5 ನಿಮಿಷ, ನೆನೆಸಿದ್ದರೆ 3.
ಪಾಲಿಷ್ ಮಾಡದ ಕೆಂಪು, ಕಂದು ಅಕ್ಕಿ: 18ರಿಂದ 20.
ಮಸೂರ್‌ನಂಥ ತೆಳು ಬೇಳೆ: 4ರಿಂದ 5. ದಪ್ಪ ಬೇಳೆ: 8ರಿಂದ 10.
ಕಡಲೆಕಾಳು: 8 ಗಂಟೆ ನೆನೆಸಿದ್ದರೆ 15, ನೆನೆಸದಿದ್ದರೆ 40.
ರಾಜ್ಮಾ: ನೆನೆಸಿದ್ದು 12ರಿಂದ 15.
ಆಲೂಗಡ್ಡೆ: 4 ಸೆಂ.ಮೀ. ಹೋಳು 5, ಮಧ್ಯಮ ಗಾತ್ರದ ಇಡಿಗಡ್ಡೆ 12.
ಇಡಿ ಬೀಟ್‌ರೂಟ್: 18ರಿಂದ 20.
ಹೂಕೋಸು, ಹಸಿ ಬಟಾಣಿ, ಬೀನ್ಸ್: 1ರಿಂದ 2, ಅದೂ ಕಣ್ಣಿಟ್ಟು.
ಮೂಳೆಸಹಿತ ಕೋಳಿ: 8ರಿಂದ 10.
ಕುರಿ ಮಾಂಸದ ತುಂಡು: 20ರಿಂದ 25.

ಪ್ಲಗ್ಗಿಗೆ ಸಿಕ್ಕಿಸುವ ವಿದ್ಯುತ್ ಕುಕ್ಕರುಗಳಲ್ಲಿ ಹಲವು ಒಲೆಯ ಕುಕ್ಕರಿಗಿಂತ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುತ್ತವೆ. ಅವಕ್ಕೆ ಈ ಲೆಕ್ಕದ ಮೇಲೆ ಐದರಲ್ಲೊಂದು ಪಾಲು ಸಮಯ ಸೇರಿಸಿ.

ಸಮಯದಷ್ಟೇ ಮುಖ್ಯವಾದದ್ದು ಪ್ರೆಶರ್ ಇಳಿಸುವ ಬಗೆ. ಅಕ್ಕಿ, ಬೇಳೆ, ಕಾಳು, ಮಾಂಸ ಇವಕ್ಕೆಲ್ಲ ಒಲೆ ಆರಿಸಿ ತಾನಾಗಿಯೇ ಇಳಿಯಲು ಬಿಡಬೇಕು, 10ರಿಂದ 15 ನಿಮಿಷ. ಆ ಹೊತ್ತಿನಲ್ಲೂ ಒಳಗೆ ಬೇಯುತ್ತಲೇ ಇರುತ್ತದೆ, ಮೇಲಿನ ನಿಮಿಷಗಳು ಅದನ್ನು ನಂಬಿಯೇ ಕೊಟ್ಟವು. ತರಕಾರಿಗೆ ಇದು ತದ್ವಿರುದ್ಧ. ಸಮಯ ಮುಗಿದ ಕೂಡಲೇ ಆವಿ ಬಿಟ್ಟು ಮುಚ್ಚಳ ತೆಗೆಯದಿದ್ದರೆ ಹಸಿರು ಹೋಗಿ ಹೂಕೋಸು ಕರಗುತ್ತದೆ.

ಪ್ರ: ನೆಂಟರು ಬಂದಾಗ ಎರಡು ಪಟ್ಟು ಮಾಡುತ್ತೇವೆ. ಸಮಯವೂ ಎರಡು ಪಟ್ಟೇ?

ಉ: ಅಲ್ಲ. ತುಂಡಿನ ಗಾತ್ರ ಅದೇ ಇದ್ದರೆ ಅರ್ಧ ಕಿಲೋ ಮಾಂಸಕ್ಕೂ ಒಂದು ಕಿಲೋಗೂ ನಿಮಿಷ ಒಂದೇ. ಮೊದಲ ಕೂಗು ಬರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ. ಸಮಯ ಬದಲಾಗಬೇಕಾದದ್ದು ತುಂಡು ದೊಡ್ಡದಾದಾಗ.

ನೀರಿನ ವಿಷಯದಲ್ಲಿ ಎಡವುವವರು ಹೆಚ್ಚು. ಅಕ್ಕಿ ತಾನು ಹೀರುವ ನೀರು ಅಳತೆಗೆ ತಕ್ಕಂತೆ ಏರುತ್ತದೆ, ಆವಿಯಾಗಿ ಹೋಗುವ ನೀರು ಹಾಗೆ ಏರುವುದಿಲ್ಲ. ಒಂದು ಕಪ್ ಅಕ್ಕಿಗೆ ಒಂದೂವರೆ ಕಪ್ ನೀರು ಹಾಕುವವರು ಮೂರು ಕಪ್ಪಿಗೆ ನಾಲ್ಕೂವರೆ ಹಾಕಿದರೆ ಅನ್ನ ಮೆತ್ತಗಾಗುತ್ತದೆ, ನಾಲ್ಕು ಸಾಕು. ಜೊತೆಗೆ ತುಂಬುವ ಮಿತಿ ಮರೆಯಬೇಡಿ. ಬೇರೆ ಯಾವುದೇ ಅಡುಗೆಗೆ ಕುಕ್ಕರಿನ ಮೂರರಲ್ಲಿ ಎರಡು ಪಾಲು, ಅಕ್ಕಿ-ಬೇಳೆ-ಕಾಳಿಗೆ ಅರ್ಧ. ಅದಕ್ಕೂ ಮೀರುವುದಾದರೆ ಎರಡು ಸಲ ಬೇಯಿಸುವುದೇ ದಾರಿ.

ಪ್ರ: ಕೆಲಸ ಮುಗಿಸಿ ಬಂದು ಅರ್ಧ ಗಂಟೆಯಲ್ಲಿ ಊಟ ಆಗಬೇಕು. ಅನ್ನ, ಬೇಳೆ, ತರಕಾರಿ ಮೂರನ್ನೂ ಒಟ್ಟಿಗೆ ಇಟ್ಟರೆ ಒಂದು ಬೆಂದಾಗ ಇನ್ನೊಂದು ಬೆಂದಿರುವುದಿಲ್ಲ.

ಉ: ಮೂರಕ್ಕೂ ಬೇಕಾದ ಸಮಯ ಬೇರೆ, ಕುಕ್ಕರ್ ಕೊಡುವುದು ಒಂದೇ ಸಮಯ. ಗಡಿಯಾರವನ್ನು ಬಗ್ಗಿಸಲಾಗದು, ಹೋಳನ್ನು ಬಗ್ಗಿಸಬಹುದು. ಬೇಳೆಗೆ ಹತ್ತು ನಿಮಿಷ ಬೇಕಾದರೆ, ಅಷ್ಟೇ ಹೊತ್ತು ತಡೆಯುವ ಗಾತ್ರಕ್ಕೆ ತರಕಾರಿ ಹೆಚ್ಚಿಕೊಳ್ಳಿ. ಆಲೂಗಡ್ಡೆ ಇಡಿಯಾಗಿ ಅಥವಾ ಎರಡೇ ಹೋಳಾಗಿ, ಕ್ಯಾರೆಟ್ ಹೆಬ್ಬೆರಳುದ್ದದ ತುಂಡಾಗಿ. ಬೀನ್ಸ್, ಸೊಪ್ಪು, ಬಟಾಣಿ ಈ ಸಾಲಿಗೆ ಸೇರಲಾರವು. ಅವನ್ನು ಮುಚ್ಚಳ ತೆಗೆದ ಮೇಲೆ ಬಿಸಿ ಬೇಳೆಗೆ ಹಾಕಿ, ತೆರೆದೇ ನಾಲ್ಕೈದು ನಿಮಿಷ ಕುದಿಸಿದರಾಯಿತು.

ಮೂರು ಮಂದಿಯ ಊಟಕ್ಕೆ ಅಳತೆ: ಕುಕ್ಕರಿನ ತಳಕ್ಕೆ 2 ಕಪ್ ನೀರು, ಅದರ ಮೇಲೆ ತೂತಿನ ತಟ್ಟೆ. ಕೆಳಗಿನ ಪಾತ್ರೆಯಲ್ಲಿ ಅರ್ಧ ಗಂಟೆ ನೆನೆದ ಮುಕ್ಕಾಲು ಕಪ್ ಬೇಳೆ, 2 ಕಪ್ ನೀರು, ಅರ್ಧ ಚಮಚ ಎಣ್ಣೆ. ಅದರ ಮೇಲಿನ ಪಾತ್ರೆಯಲ್ಲಿ 1 ಕಪ್ ಅಕ್ಕಿ, 2 ಕಪ್ ನೀರು. ಎಲ್ಲಕ್ಕಿಂತ ಮೇಲಿನದರಲ್ಲಿ ನೀರೇ ಇಲ್ಲದೆ ತರಕಾರಿ. ಮೊದಲ ಕೂಗಿನ ನಂತರ 10 ನಿಮಿಷ, ಆರಿಸಿ 10 ನಿಮಿಷ. ನಾಲ್ಕೈದು ಮಂದಿಗಾದರೆ 5 ಲೀಟರ್ ಕುಕ್ಕರ್ ಇಕ್ಕಟ್ಟಾಗುತ್ತದೆ, ಏಳೆಂಟು ಲೀಟರಿನದು ಬೇಕು.

ಪಾತ್ರೆಯೊಳಗೆ ಇಟ್ಟದ್ದು ನೇರವಾಗಿ ಹಾಕಿದ್ದಕ್ಕಿಂತ ನಿಧಾನವಾಗಿ ಬೇಯುತ್ತದೆ, ಏಕೆಂದರೆ ಬಿಸಿ ಆವಿಯಿಂದ ಪಾತ್ರೆಗೆ, ಪಾತ್ರೆಯಿಂದ ನೀರಿಗೆ, ನೀರಿನಿಂದ ಕಾಳಿಗೆ ಹಾಯಬೇಕು. ಅದಕ್ಕಾಗಿ ಮೂರರಿಂದ ಐದು ನಿಮಿಷ ಹೆಚ್ಚು. ಅಕ್ಕಿಗೆ 10 ನಿಮಿಷ ಜಾಸ್ತಿಯಾಗಲಿಲ್ಲವೇ ಎಂದು ಕೇಳುವವರಿಗೂ ಉತ್ತರ ಇದೇ. ಬೇಳೆಯನ್ನು ಕೆಳಗೇ ಇಡಿ, ಕುದಿಯುವ ನೀರಿಗೆ ಹತ್ತಿರವಿರುವ ಪಾತ್ರೆ ಬೇಗ ಬಿಸಿಯೇರುತ್ತದೆ. ಪಾತ್ರೆಗಳ ಸುತ್ತ ಆವಿ ಆಡಲು ಬೆರಳಗಲ ಜಾಗ ಇರಲಿ. ಅಗಲವಾದ ಪಾತ್ರೆಯಲ್ಲಿ ತೆಳ್ಳಗೆ ಹರಡಿದ್ದು ಬೇಗ ಬೇಯುತ್ತದೆ. ಆಳದ ಡಬ್ಬಿಯಲ್ಲಿ ನಡುಭಾಗ ಹಸಿಯಾಗಿ ಉಳಿಯುವುದುಂಟು.

ಉದುರು ಉದುರಾದ ಅನ್ನವೇ ಬೇಕೆನ್ನುವವರು ಅಕ್ಕಿಯನ್ನು ಈ ಗೋಪುರದಿಂದ ಹೊರಗಿಡಿ. ಅದಕ್ಕೆ ರಾಜಿ ಇಲ್ಲ.

ಪ್ರ: ಪಲಾವ್ ತಳ ಸೀಯುತ್ತದೆ, ಮೇಲೆ ಮುದ್ದೆಯಾಗುತ್ತದೆ. ಎರಡೂ ಒಟ್ಟಿಗೆ ಹೇಗೆ?

ಉ: ಕಾರಣಗಳು ಬೇರೆ ಬೇರೆ. ಮುದ್ದೆಯಾಗುವುದು ನೀರು ಹೆಚ್ಚಾಗಿ, ಇಲ್ಲವೇ ಅಕ್ಕಿಯ ಹಿಟ್ಟು ತೊಳೆದು ಹೋಗದೆ. ಸೀಯುವುದು ಹುರಿದ ಈರುಳ್ಳಿ-ಮಸಾಲೆ ತಳಕ್ಕೆ ಅಂಟಿದ್ದನ್ನು ಕೆರೆದು ಬಿಡಿಸದೆ, ಮೇಲಿಂದ ದೊಡ್ಡ ಉರಿ ಕೊಟ್ಟಿದ್ದರಿಂದ.

ಉದ್ದ ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು 20 ನಿಮಿಷ ನೆನೆಸಿ, ಜರಡಿಯಲ್ಲಿ ಪೂರ್ತಿ ಬಸಿಯಿರಿ. ನೆನೆದ ಒಂದು ಕಪ್ ಅಕ್ಕಿಗೆ (ನೆನೆಸುವ ಮುಂಚಿನ ಅಳತೆ) ಒಂದೂಕಾಲು ಕಪ್ ನೀರು. ಟೊಮೆಟೊ, ಮೊಸರು ಹಾಕಿದ್ದರೆ ಅವುಗಳ ನೀರನ್ನೂ ಲೆಕ್ಕಕ್ಕೆ ಹಿಡಿದು ಸ್ವಲ್ಪ ಕಡಿಮೆ ಮಾಡಿ. ಹುರಿದಾದ ಮೇಲೆ ಕಾಲು ಕಪ್ ನೀರು ಹಾಕಿ ಮರದ ಸಟ್ಟುಗದಿಂದ ತಳ ಕೆರೆಯಿರಿ. ಸಟ್ಟುಗ ಎಲ್ಲೂ ತಡೆಯದೆ ಜಾರಿದರೆ ತಳ ಶುದ್ಧವಾಗಿದೆ. ಉಳಿದ ನೀರು ಹಾಕಿ ರುಚಿ ನೋಡಿ, ಉಪ್ಪು ಒಂದು ಗುಲಗಂಜಿ ಹೆಚ್ಚೇ ಅನ್ನಿಸಬೇಕು. ನೀರು ಕುದಿ ಬಂದ ಮೇಲೆ ಅಕ್ಕಿ ಹಾಕಿ ಒಮ್ಮೆ ಮಾತ್ರ ತಿರುವಿ, ಮುಚ್ಚಿ. ಉರಿ ಮಧ್ಯಮ. ಮೊದಲ ಕೂಗು ಬಂದ ಮೇಲೆ ಅತಿ ಸಣ್ಣ ಉರಿಯಲ್ಲಿ 2ರಿಂದ 3 ನಿಮಿಷ, ಆರಿಸಿ 10 ನಿಮಿಷ. ಮುಚ್ಚಳ ತೆಗೆದ ಕೂಡಲೇ ಕಲಸಬೇಡಿ. ಐದು ನಿಮಿಷ ಆವಿ ಹೋಗಲಿ, ಕಾಳು ಬಿಗಿಯಾಗುತ್ತದೆ, ಆಮೇಲೆ ಫೋರ್ಕಿನಿಂದ ಅಂಚಿನಿಂದ ಬಿಡಿಸಿ.

ಪ್ರ: ಬೇಳೆ ಇಟ್ಟಾಗಲೆಲ್ಲ ವೇಟಿನಿಂದ ಹಳದಿ ನೀರು ಉಕ್ಕಿ ಒಲೆಯೆಲ್ಲ ರಾಡಿ.

ಉ: ಬೇಳೆಯ ಸಸಾರಜನಕ ಮತ್ತು ಪಿಷ್ಟ ಸೇರಿ ನೊರೆ ಕಟ್ಟುತ್ತವೆ, ಆವಿಯ ದಾರಿಯಲ್ಲಿ ನೊರೆಯೂ ಹೊರಟುಬರುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮೊದಲು ತೆರೆದೇ ಕುದಿಸಿ ನೊರೆ ತೆಗೆದುಹಾಕಿ, ಒಂದು ಚಮಚ ಎಣ್ಣೆ ಬಿಡಿ, ಮೊದಲ ಕೂಗು ಬರುವ ಮೊದಲೇ ಉರಿ ತಗ್ಗಿಸಿ. ಹೀಗೆ ಉಕ್ಕಿದ ದಿನ ವೇಟನ್ನೂ ಆವಿ ಕೊಳವೆಯನ್ನೂ ತಪ್ಪದೆ ತೊಳೆಯಬೇಕು, ಒಳಗೆ ಒಣಗಿದ ಬೇಳೆ ಮರುದಿನ ದಾರಿ ಕಟ್ಟುತ್ತದೆ. ಓಟ್ಸ್, ಬಾರ್ಲಿ, ನೂಡಲ್ಸ್, ಹಾಲು ಇವು ಇನ್ನೂ ಕೆಟ್ಟದಾಗಿ ಉಕ್ಕುವ ಜಾತಿ, ಕುಕ್ಕರಿಗೆ ನೇರವಾಗಿ ಹಾಕದಿರುವುದೇ ಕ್ಷೇಮ.

ಪ್ರ: ಕೂಗೇ ಬರುವುದಿಲ್ಲ. ಅಂಚಿನಲ್ಲಿ ಆವಿ ಸೋರುತ್ತದೆ.

ಉ: ಹತ್ತರಲ್ಲಿ ಎಂಟು ಸಲ ಎಂದರೂ ಆದೀತು, ತಪ್ಪು ಗ್ಯಾಸ್ಕೆಟ್ಟಿನದು. ತೆಗೆದು ಬಗ್ಗಿಸಿ ನೋಡಿ. ಗಟ್ಟಿಯಾಗಿದ್ದರೆ, ಬಿರುಕಿದ್ದರೆ, ಹಿಗ್ಗಿ ಮುಚ್ಚಳದ ಅಂಚಿನಲ್ಲಿ ಸಡಿಲವಾಗಿ ಕೂತರೆ ಹೊಸದು ತನ್ನಿ. ದಿನವೂ ಬಳಸುವ ಮನೆಯಲ್ಲಿ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಸದ್ಯಕ್ಕೆ ಅಡುಗೆ ಆಗಲೇಬೇಕಾದರೆ ಹತ್ತು ನಿಮಿಷ ಫ್ರೀಜರಿನಲ್ಲಿಟ್ಟು ಹಾಕಿ, ಕುಗ್ಗಿ ಒಂದೆರಡು ಸಲ ಹಿಡಿದುಕೊಳ್ಳುತ್ತದೆ. ಇದು ಆಪದ್ಧರ್ಮ ಮಾತ್ರ.

ಗ್ಯಾಸ್ಕೆಟ್ ಸರಿಯಿದ್ದರೆ ಅಂಚಿನಲ್ಲಿ ಒಂದು ಅಗುಳು ಸಿಕ್ಕಿದೆಯೇ, ಅಂಚು ನೆಗ್ಗಿದೆಯೇ, ವೇಟ್ ನೆಟ್ಟಗೆ ಕೂತಿದೆಯೇ, ಒಳಗೆ ನೀರು ಸಾಕಷ್ಟಿದೆಯೇ ಎಂದು ಈ ಕ್ರಮದಲ್ಲೇ ನೋಡಿ. ನೀರಿಗೆ ಒಂದು ಲೆಕ್ಕ: ಮೊದಲ ಹತ್ತು ನಿಮಿಷಕ್ಕೆ 300 ಮಿ.ಲೀ., ನಂತರದ ಪ್ರತಿ ಹತ್ತು ನಿಮಿಷಕ್ಕೆ 150. ತೊಳೆದ ಮೇಲೆ ಗ್ಯಾಸ್ಕೆಟ್ ಒಣಗಿಸಿ, ಮುಚ್ಚಳವನ್ನು ಬಿಗಿದಿಡದೆ ಬೋರಲಾಗಿ ಇಡಿ. ವಾಸನೆಯೂ ಕಡಿಮೆ, ಬಾಳಿಕೆಯೂ ಹೆಚ್ಚು.

ಪ್ರ: ರಾತ್ರಿಯಿಡೀ ನೆನೆಸಿದ ಕಾಳೂ ಬೇಯುವುದಿಲ್ಲ. ಸೋಡಾ ಹಾಕಲೇ? ಉಪ್ಪು ಮೊದಲೇ ಹಾಕಬಾರದೆನ್ನುತ್ತಾರೆ, ನಿಜವೇ?

ಉ: ಉಪ್ಪಿಗೆ ಸುಮ್ಮನೆ ಕೆಟ್ಟ ಹೆಸರು. ಕಾಳಿನ ಸಿಪ್ಪೆಯನ್ನು ಬಿಗಿಹಿಡಿದಿರುವುದು ಪೆಕ್ಟಿನ್, ಅದಕ್ಕೆ ಬಲ ಕೊಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಅವುಗಳ ಜಾಗ ಹಿಡಿದು ಸಿಪ್ಪೆಯನ್ನು ಮೆದುವಾಗಿಸುತ್ತದೆ. ಆದ್ದರಿಂದ ನೆನೆಸುವ ನೀರಿಗೆ ಲೀಟರಿಗೆ ಎರಡು ಚಹಾ ಚಮಚ ಉಪ್ಪು ಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ.

ನಿಜವಾದ ಶತ್ರುಗಳು ಮೂರು. ಒಂದು, ಗಡಸು ನೀರು. ಬೋರ್‌ವೆಲ್ ನೀರಿನಲ್ಲಿ ಬೇಯದ ಕಾಳು ಫಿಲ್ಟರ್ ನೀರಿನಲ್ಲಿ ಬೆಂದರೆ ಗುಟ್ಟು ರಟ್ಟಾಯಿತು. ಎರಡು, ಹುಳಿ. ಟೊಮೆಟೊ, ನಿಂಬೆರಸ ಏನಿದ್ದರೂ ಕಾಳು ಬೆಂದ ಮೇಲೆ. ಮೂರು, ಹಳೆಯ ಕಾಳು. ಸೆಕೆಯಲ್ಲಿ ವರ್ಷಗಟ್ಟಲೆ ಕೂತ ಕಾಳು ಎಷ್ಟು ಬೇಯಿಸಿದರೂ ಮರಳು ಮರಳು. ಅದಕ್ಕೆ ಮಾತ್ರ ಸೋಡಾ, ಒಂದು ಕಪ್ ಕಾಳಿಗೆ ಚಿಟಿಕೆ. ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ, ಥಯಾಮಿನ್ ಎಂಬ ಬಿ ಜೀವಸತ್ವವೂ ಹಾಳಾಗುತ್ತದೆ.

ರಾಜ್ಮಾಕ್ಕೆ ಒಂದು ಎಚ್ಚರಿಕೆ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದೆ, ಅರೆಬೆಂದದ್ದು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ-ಭೇದಿ. ಚೆನ್ನಾಗಿ ಕುದಿದರೆ ಅದು ನಾಶವಾಗುತ್ತದೆ, ಕುಕ್ಕರ್ ಇದಕ್ಕೆ ಹೇಳಿಮಾಡಿಸಿದ್ದು. ಕುದಿಯೇ ಬಾರದ ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ವಿಷ ಉಳಿಯುತ್ತದೆ.

ಪ್ರ: ಕೋಳಿ ನಾರುನಾರು, ಕುರಿ ಮಾಂಸ ರಬ್ಬರು.

ಉ: ಕೋಳಿ ಹೆಚ್ಚು ಬೆಂದಿದೆ, ಕುರಿ ಕಡಿಮೆ ಬೆಂದಿದೆ. ಓಡಾಡಿದ ಸ್ನಾಯುವಿನಲ್ಲಿ, ಎಂದರೆ ತೊಡೆ, ಭುಜ, ಮೊಣಕಾಲಿನ ಮಾಂಸದಲ್ಲಿ ಕೊಲಾಜೆನ್ ಹೆಚ್ಚು. ಅದು ಕರಗಿ ಜೆಲಾಟಿನ್ ಆದಾಗಲೇ ಮಾಂಸ ಮೆತ್ತಗಾಗುವುದು, ಅದಕ್ಕೆ ಸಮಯ ಬೇಕು. ಗಟ್ಟಿಯಿದ್ದರೆ ಹೆದರದೆ ಮತ್ತೆ ಐದೈದು ನಿಮಿಷ ಇಡಿ. ಮೂಳೆಯಿಲ್ಲದ ಕೋಳಿ ಎದೆಯಲ್ಲಿ ಕರಗಲು ಏನೂ ಇಲ್ಲ, ಹೆಚ್ಚು ಹೊತ್ತಾದಷ್ಟೂ ಒಣಗುತ್ತದೆ. ಅದನ್ನು ಕುಕ್ಕರಿಗೆ ಹಾಕದೆ ಬಾಣಲೆಯಲ್ಲಿ ಮಾಡುವುದು ಲೇಸು.

ಆವಿಯನ್ನು ಒಮ್ಮೆಲೇ ಬಿಟ್ಟರೆ ಎರಡೂ ಕೆಡುತ್ತವೆ. 120 ಡಿಗ್ರಿಯಲ್ಲಿದ್ದ ರಸ ಒತ್ತಡ ಬಿದ್ದ ಕ್ಷಣ ಮಾಂಸದೊಳಗೇ ಕುದಿದು ಹೊರಬರುತ್ತದೆ. ಫ್ರೀಜರಿನಿಂದ ತೆಗೆದ ಹೆಪ್ಪುಗಟ್ಟಿದ ಉಂಡೆಯನ್ನು ಹಾಗೇ ಹಾಕಬೇಡಿ, ಹೊರಗೆ ಬೆಂದು ನಡುವೆ ಹಸಿ ಉಳಿಯುತ್ತದೆ.

ಪ್ರ: ಟೊಮೆಟೊ ಗ್ರೇವಿ ಪ್ರತಿ ಸಲ ತಳ ಹಿಡಿಯುತ್ತದೆ. ವಿದ್ಯುತ್ ಕುಕ್ಕರಿನಲ್ಲಂತೂ ಅಡುಗೆ ನಡುವೆಯೇ ನಿಂತುಹೋಗುತ್ತದೆ.

ಉ: ಗಟ್ಟಿ ರಸ ತಳದಿಂದ ಏಳುವುದಿಲ್ಲ, ಅಲ್ಲೇ ಕೂತು ಸೀಯುತ್ತದೆ. ತಳ ಮಿತಿಮೀರಿ ಕಾದಾಗ ವಿದ್ಯುತ್ ಕುಕ್ಕರ್ ತಾನೇ ಆರಿಕೊಳ್ಳುವುದು ಅದಕ್ಕೇ. ಮೊದಲು ಎಣ್ಣೆ, ಈರುಳ್ಳಿ. ಆಮೇಲೆ ನೀರು ಹಾಕಿ ತಳ ಕೆರೆಯುವುದು. ಅದರ ಮೇಲೆ ತರಕಾರಿ ಅಥವಾ ಮಾಂಸ. ಎಲ್ಲಕ್ಕಿಂತ ಮೇಲೆ ಟೊಮೆಟೊ, ಕಲಸದೆ. ಹಿಟ್ಟು, ಕೆನೆ, ಗೋಡಂಬಿ ಪೇಸ್ಟ್‌ನಂಥ ಗಟ್ಟಿ ಮಾಡುವ ಪದಾರ್ಥಗಳೆಲ್ಲ ಮುಚ್ಚಳ ತೆಗೆದ ಮೇಲೆಯೇ.

ಪ್ರ: ಸೇಫ್ಟಿ ವಾಲ್ವ್ ಹಾರಿತು. ಹೊಸದು ಹಾಕಿಸಿದರೆ ಸಾಕೇ?

ಉ: ಸಾಲದು. ಏಕೆ ಹಾರಿತು ಎಂದು ತಿಳಿಯಬೇಕು. ಬಹುತೇಕ ಎರಡೇ ಕಾರಣ: ನೀರು ಬತ್ತಿ ಕುಕ್ಕರ್ ಕೆಂಡದಂತಾಗಿರಬೇಕು, ಇಲ್ಲವೇ ಆವಿ ಕೊಳವೆ ಕಟ್ಟಿರಬೇಕು. ಹಲವು ವಾಲ್ವುಗಳಲ್ಲಿ ಮಿತಿಮೀರಿದ ಬಿಸಿಗೆ ಕರಗುವ ಲೋಹದ ಬೊಟ್ಟು ಇರುತ್ತದೆ, ಅದು ಕರಗಿ ದಾರಿ ಮಾಡಿಕೊಡುವುದರಿಂದಲೇ ಕುಕ್ಕರ್ ಸಿಡಿಯದೆ ಉಳಿಯುವುದು. ಆ ತೂತಿಗೆ ಬೋಲ್ಟ್ ಬಿಗಿಯುವುದು, ಎಂ-ಸೀಲ್ ಮೆತ್ತುವುದು ಬಾಂಬ್ ಕಟ್ಟಿದ ಹಾಗೆ. ನಿಮ್ಮ ಕುಕ್ಕರಿನ ಮಾದರಿಗೆಂದೇ ಮಾಡಿದ ವಾಲ್ವನ್ನೇ ಹಾಕಿಸಿ. ಫ್ರಾನ್ಸಿನ ಡೆನಿ ಪಾಪಿನ್ 1679ರಲ್ಲಿ ಮೂಳೆ ಮೆತ್ತಗಾಗಿಸುವ ಮೊದಲ ಕುಕ್ಕರ್ ಮಾಡಿದ ಮೇಲೆ, ಆವಿ ಬಿಡುವ ವಾಲ್ವ್ ಬೇಕೆಂದೂ ಕಂಡುಕೊಂಡ.

ಪ್ರತಿ ಸಲ ಮುಚ್ಚುವ ಮೊದಲು ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯಲ್ಲಿ ಕಣ್ಣಿಟ್ಟು ನೋಡಿ. ಬೆಳಕು ಕಾಣದಿದ್ದರೆ ದಬ್ಬಳ ಅಥವಾ ತಂತಿ ಹಾಕಿ ಬಿಡಿಸಿ. ಎರಡು ಸೆಕೆಂಡಿನ ಕೆಲಸ.

ಪ್ರ: ಬೆಳಗ್ಗೆ ಬೇಯಿಸಿ ಮುಚ್ಚಳ ತೆಗೆಯದೆ ಇಟ್ಟರೆ ರಾತ್ರಿಯವರೆಗೆ ಕೆಡುವುದಿಲ್ಲವಲ್ಲವೇ? ಕ್ರಿಮಿಯೆಲ್ಲ ಸತ್ತಿರುತ್ತದೆ.

ಉ: ಎಲ್ಲವೂ ಸತ್ತಿರುವುದಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಡುಗೆಯ ಬಿಸಿಯನ್ನು ದಾಟಿ ಬದುಕಬಲ್ಲವು. ಕುಕ್ಕರ್ ತಣಿಯುವಾಗ ಆವಿ ನೀರಾಗಿ, ಹೊರಗಿನ ಗಾಳಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಿದ ದಪ್ಪ ಪಾತ್ರೆ ಗಂಟೆಗಟ್ಟಲೆ ಉಗುರುಬೆಚ್ಚಗಿರುವುದು ಅವು ಬೆಳೆಯಲು ಬೇಕಾದ ಹದವೇ. ಅವು ಬಿಟ್ಟ ವಿಷಗಳಲ್ಲಿ ಒಂದು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದದ್ದನ್ನು ಅಗಲ ತಟ್ಟೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಪ್ರ: ಕುಕ್ಕರಿನಲ್ಲಿ ಸತ್ವ ಹೋಗುತ್ತದೆಯೇ?

ಉ: ತೆರೆದ ಪಾತ್ರೆಯಲ್ಲಿ ತುಂಬ ನೀರು ಹಾಕಿ ಬೇಯಿಸಿ ಚೆಲ್ಲುವುದಕ್ಕಿಂತ ಹೆಚ್ಚೇನೂ ಹೋಗುವುದಿಲ್ಲ. ಬಿಸಿ ಹೆಚ್ಚು, ಆದರೆ ಹೊತ್ತು ಕಡಿಮೆ, ನೀರೂ ಕಡಿಮೆ. ಬೆಂದ ನೀರನ್ನು ಚೆಲ್ಲಬೇಡಿ.

ಪ್ರ: ಅಲ್ಯೂಮಿನಿಯಂ ಕುಕ್ಕರಿನ ಒಳಗೆ ಕಪ್ಪಾಗಿದೆ.

ಉ: ನೀರಿನ ಲವಣದಿಂದ ಆದ ಕಲೆ, ಅಪಾಯವಿಲ್ಲ. ನೀರಿಗೆ ನಿಂಬೆಹೋಳು ಹಾಕಿ ಹತ್ತು ನಿಮಿಷ ಕುದಿಸಿದರೆ ತಿಳಿಯಾಗುತ್ತದೆ. ಹುಳಿ ಅಡುಗೆಯನ್ನು ಮಾತ್ರ ಅದರಲ್ಲಿ ಗಂಟೆಗಟ್ಟಲೆ ಬಿಡಬೇಡಿ, ಲೋಹದ ಅಂಶ ಅಡುಗೆಗೆ ಇಳಿಯುತ್ತದೆ. ಸ್ಟೀಲ್ ಕುಕ್ಕರಿಗೆ ಈ ತಂಟೆಯಿಲ್ಲ.

ಪ್ರ: ಅವಸರದಲ್ಲಿ ನಲ್ಲಿ ಕೆಳಗೆ ಹಿಡಿದು ತೆಗೆಯಬಹುದೇ?

ಉ: ಒಲೆಯ ಕುಕ್ಕರಾದರೆ, ಒಳಗಿರುವುದು ತರಕಾರಿಯಾದರೆ ಸರಿ. ಮುಚ್ಚಳದ ಅಂಚಿಗೆ ನೀರು ಬೀಳಲಿ, ವೇಟಿನ ಮೇಲೆ ಬೇಡ. ಆಮೇಲೆ ವೇಟನ್ನು ಚಮಚದಿಂದ ಕೊಂಚ ಎತ್ತಿ, ಬುಸ್ ಎಂದರೆ ಬಿಟ್ಟುಬಿಡಿ. ಸದ್ದಿಲ್ಲದೆ ಎದ್ದರೆ ಮಾತ್ರ ಹಿಡಿ ತಿರುಗಿಸಿ, ಮುಖ ದೂರವಿರಲಿ. ಬಲ ಬೇಕಾಯಿತೆಂದರೆ ಒಳಗೆ ಪ್ರೆಶರ್ ಇನ್ನೂ ಇದೆ. ವಿದ್ಯುತ್ ಕುಕ್ಕರಿಗೆ ನೀರು ತಾಗಿಸಲೇಬೇಡಿ, ಅದರ ಆವಿ ಗುಂಡಿಯನ್ನೇ ಬಳಸಿ.